ಜಡೆಪ್ಪನಿಗೆ ಕೂಡಲು ಜಾಗ

ಮಲಪನಗುಡಿಯ ಸುವರ್ಣಮ್ಮನಿಗೆ ಒಂದು ಚಟವಿತ್ತು. ತನ್ನ ಮನೆಯಲ್ಲಿ ಯಾರನ್ನೂ ನಿಂತಿರಲು ಬಿಡುತ್ತಿರಲಿಲ್ಲ. ಬಳೆಗಾರ ಬಂದರೂ, ಕರೆಂಟು ಬಿಲ್ಲಿನವನು ಬಂದರೂ, ಜಗಳಕ್ಕೆಂದೇ ಸೆರಗು ಸಿಕ್ಕಿಸಿಕೊಂಡು ಬಂದವಳಾದರೂ ಮೊದಲು ಕೂಡಬೇಕು.

"ಕುಂದ್ರಬೇ ಮೊದ್ಲ. ನಿಂತು ಬೈದ್ರ ಬೈಗುಳ ಸೈತ ನೆಟ್ಟಗ ಬರಂಗಿಲ್ಲ" ಎನ್ನುತ್ತಿದ್ದಳು. ಕುಳಿತವರು ಬೈಯುವುದನ್ನು ಮರೆತು ಚಹಾ ಕುಡಿದು ಹೋಗುತ್ತಿದ್ದರು.

ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮೆಟ್ರಿಯಿಂದ ಅವಳು ಮದುವೆಯಾಗಿ ಬಂದ ದಿನದಿಂದ ಅವಳ ನಗು, ಅವಳ ಗಂಡ ಜಡೆಪ್ಪನ ಗೊಣಗಾಟ, ಆಮೇಲೆ ಅವನ ಕೆಮ್ಮು, ಎಲ್ಲ ಆ ಗೋಡೆಯನ್ನು ದಾಟಿಯೇ ನನಗೆ ಬಂದವು. ಮಕ್ಕಳಾಗಲಿಲ್ಲ. ಅದಕ್ಕಾಗಿ ಅವರು ಅತ್ತದ್ದನ್ನೂ ಕೇಳಿದ್ದೇನೆ, ಅಳುವುದನ್ನು ಬಿಟ್ಟದ್ದನ್ನೂ ಕೇಳಿದ್ದೇನೆ.

ಜಡೆಪ್ಪ ಎತ್ತರದ ಆಳು. ಬಾಗಿಲು ದಾಟುವಾಗ ಬಗ್ಗಬೇಕಿತ್ತು. ಕಾಲುವೆ ಕಡೆ ಒಂದು ಕಬ್ಬಿನ ಹೊಲ. ಅದರ ಮೂಲೆಯಲ್ಲಿ ಬೇವಿನ ಗಿಡದ ಕೆಳಗೆ ಅವನ ಅಪ್ಪ, ಅಜ್ಜ, ಮುತ್ತಜ್ಜ ಕುಳಿತಿದ್ದರು. ನಮ್ಮವರು ಸತ್ತವರನ್ನು ಮಲಗಿಸುವುದಿಲ್ಲ. ಗುಂಡಿಯ ಒಳಗೊಂದು ಗೂಡು ಕೊರೆದು, ಮೈಗೆ ವಿಭೂತಿ ಹಚ್ಚಿ, ಕಾಲು ಮಡಿಸಿ, ಎಡ ಅಂಗೈಯಲ್ಲಿ ಅವರ ಕೊರಳಿನ ಲಿಂಗವನ್ನೇ ಇಟ್ಟು ಕೂಡಿಸುತ್ತಾರೆ. ಪೂಜೆಗೆ ಕುಳಿತವರಂತೆ ಅವರು ಮಣ್ಣಿನೊಳಗೆ ಕುಳಿತಿರುತ್ತಾರೆ. ಹೊಲಕ್ಕೆ ಹೋದಾಗ ಜಡೆಪ್ಪ ಅಲ್ಲಿಗೆ ಮುಖ ಮಾಡಿ ಬುತ್ತಿ ಬಿಚ್ಚುತ್ತಿದ್ದ.

ಅದಿರಿನ ಕಾಲ ಬಂತು. ಸಂಡೂರಿನ ಗುಡ್ಡಗಳು ಲಾರಿಯಲ್ಲಿ ಇಳಿದು ಬರತೊಡಗಿದವು. ಲಾರಿಗಳ ಸಾಲು ಹೊಸಪೇಟೆ ದಾಟಿ ಹೋಗುವಾಗ ಎಮ್ಮೆಗಳೂ ರಸ್ತೆ ದಾಟಲು ಹೆದರುತ್ತಿದ್ದವು. ಬಟ್ಟೆ ಕೆಂಪು, ಹಾಲಿನ ಮೇಲಿನ ಕೆನೆ ಕೆಂಪು, ಮಲ್ಲಿಗೆಯೂ ಕೆಂಪು. ಅದಿರು ಸುರಿಯಲು ಜಾಗ ಬೇಕೆಂದು ಜನ ಬಂದರು. ಪಕ್ಕದ ಹೊಲಗಳವರೆಲ್ಲ ಕೊಟ್ಟಾದ ಮೇಲೆ ಜಡೆಪ್ಪನ ಹೊಲಕ್ಕೆ ನೀರಿನ ದಾರಿ ಉಳಿಯಲಿಲ್ಲ. ಅವನೂ ಕೊಟ್ಟ. ಬೇವಿನ ಗಿಡದ ಮೂಲೆಯನ್ನು ಬಿಡಬೇಕೆಂದು ಹೇಳಿಯೇ ಕೊಟ್ಟಿದ್ದ. ಅವರೂ ಆಗಲಿ ಎಂದಿದ್ದರು. ಮಳೆಗಾಲ ಕಳೆಯುವಷ್ಟರಲ್ಲಿ ಗಿಡವೂ ಇರಲಿಲ್ಲ, ಮೂಲೆಯೂ ಇರಲಿಲ್ಲ. ಹಿರಿಯರ ತಲೆಯ ಮೇಲೆ ಅದಿರಿನ ಗುಡ್ಡ ಕುಳಿತಿತ್ತು.

ತನ್ನ ಹೊಲಕ್ಕೆ ತಾನೇ ಕಾವಲುಗಾರನಾದ ಜಡೆಪ್ಪ. ಕೋಲು ಹಿಡಿದು ಲಾರಿಗಳ ನಡುವೆ ನಿಂತಿರುತ್ತಿದ್ದ. ಕೆಮ್ಮು ಶುರುವಾಯಿತು. ಒಂದು ದಿನ ಊಟಕ್ಕೆ ಕೂತವನು ತುತ್ತು ಕೆಳಗಿಟ್ಟ.

"ಸುವರ್ಣೀ, ಲಾರಿ ಹಾದು ಹೋದ ಮ್ಯಾಲ ಕೆಳಗಿಂದ ಯಾರೋ ಕೆಮ್ತಾರ."

"ನೀವಾ ಕೆಮ್ಮೀರಿ."

"ನನ್ನ ಕೆಮ್ಮು ನನಗ ಗೊತ್ತಿಲ್ಲೇನಲೇ? ಅದು ನಮ್ಮಪ್ಪಂದು."

ಗೋಡೆಯ ಈಚೆ ಅಕ್ಕಿ ಆರಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ಒಬ್ಬ ಡಾಕ್ಟರು ಟಿಬಿ ಎಂದರು, ಇನ್ನೊಬ್ಬರು ಅಲ್ಲವೆಂದರು. ಕೊನೆಗೆ ದೂರದ ಊರಿನ ಒಂದು ಡಾಕ್ಟರ್ ಕಾಲೇಜಿನ ಆಸ್ಪತ್ರೆಗೆ ಸೇರಿಸಿದರು. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಡಾಕ್ಟರ್ ಗಂಗಾಂಬಿಕಾ ಎಂಬವರಿದ್ದರು, ಕಂಪ್ಲಿಯ ರೈಸ್ ಮಿಲ್ಲಿನವರ ಮಗಳು. ಸತ್ತವರ ದೇಹ ಕೊಯ್ದು ಮಕ್ಕಳಿಗೆ ಪಾಠ ಹೇಳುವುದು ಅವರ ಕೆಲಸ. ರೋಗಿಯೊಂದಿಗೆ, ಹೆಣದೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬ ಪಾಠವೂ ಅವರದೇ. ನಮ್ಮ ಕಡೆಯ ಮಾತು ಕೇಳಿ ಜಡೆಪ್ಪನ ಮಂಚದ ಹತ್ತಿರ ಬಂದು ಹೋಗುತ್ತಿದ್ದರು. ಅವರಿಗೆ ಜಡೆಪ್ಪ ಹೇಳಿದ:

"ನಾ ಹೋದ ಮ್ಯಾಲ ನನ್ನ ನೀವಾ ಇಟ್ಕೊಳ್ರಿ ತಾಯಿ. ಎದಿ ಕೊಯ್ದು ಒಳಗೇನೈತಿ ನಿಮ್ಮ ಹುಡುಗ್ರಿಗೆ ತೋರಿಸ್ರಿ. ನಮ್ಮ ಹೊಲದಾಗಂತೂ ನನಗ ಕುಂದ್ರಾಕ ಜಾಗ ಇಲ್ಲ."

ಸುವರ್ಣಮ್ಮ ಹೂಂ ಅಂದಳು. ಗಂಡ ಬದುಕಿರುವಾಗ ಹೂಂ ಅನ್ನುವುದು ಸುಲಭ. ಅವನು ಆ ಆಸ್ಪತ್ರೆಯಲ್ಲೇ ಹೋದ. ಅಂಗಳದ ಈ ಕಡೆಯ ಆಸ್ಪತ್ರೆಯಿಂದ ಆ ಕಡೆಯ ಕಾಲೇಜಿಗೆ ಗಾಲಿ ಮಂಚದಲ್ಲಿ, ಮಲಗಿದ್ದಂತೆಯೇ ಒಯ್ದರು. ಸ್ವಾಮಿಗಳಿಲ್ಲ, ಪತ್ರಿಯಿಲ್ಲ, ವಿಭೂತಿಯಿಲ್ಲ. ಒಂದು ಗಳಿಗೆ ಕೂಡಿಸಲೂ ಇಲ್ಲ. ಅವನ ಲಿಂಗವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅವಳು ಬಸ್ಸಿನಲ್ಲಿ ಮನೆಗೆ ಬಂದಳು.

ಆಮೇಲೆ ಅವನು ಬಂದು ನಿಲ್ಲತೊಡಗಿದ.

ಮೊದಲು ಅವಳು ಹೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಗೋಡೆಯ ಆಚೆಯಿಂದ ನನಗೆ ಮಾತು ಕೇಳುತ್ತಿತ್ತು. "ಕುಂದ್ರಿ. ಎಷ್ಟೊತ್ತು ನಿಂದ್ರತೀರಿ? ಮಣಿ ಹಾಕೀನಿ, ಕುಂದ್ರಿ." ನೆಂಟರು ಬಂದಿರಬೇಕೆಂದು ಒಂದು ಸಂಜೆ ಹೋದೆ. ನೆಂಟರಿರಲಿಲ್ಲ. ಬಾಗಿಲ ಪಕ್ಕದ ಗೋಡೆಯ ಮುಂದೆ ಒಂದು ಮಣೆ, ಅದರ ಮುಂದೆ ನೀರಿನ ಚೆಂಬು. ಸುವರ್ಣಮ್ಮ ಎದುರಿಗೆ ಕೂತು, ಎತ್ತರದವರ ಮುಖ ನೋಡುವಂತೆ ಕತ್ತು ಮೇಲೆತ್ತಿ ಗೋಡೆ ನೋಡುತ್ತಿದ್ದಳು.

"ಯಾರ ಜೋಡಿ ಮಾತಾಡ್ತೀಯಬೇ?" ಎಂದೆ.

"ಕುಂದ್ರು ತಿಪ್ಪಕ್ಕ" ಎಂದಳು. ಕೂತ ಮೇಲೆ ಗೋಡೆ ತೋರಿಸಿದಳು. ಬಿಳಿ ಸುಣ್ಣದ ಗೋಡೆಯ ಮೇಲೆ, ಎತ್ತರದ ಗಂಡಸಿನ ಭುಜ ತಾಗುವಲ್ಲಿ, ಅಂಗೈಯಗಲದ ಕೆಂಪು ಕಲೆ. ಯಾರೋ ಬಹಳ ಹೊತ್ತು ಒರಗಿ ನಿಂತು ಹೋದಂತೆ.

"ದೂಳು ಅದು. ಊರಾಗೆಲ್ಲಾ ಐತಿ."

"ನಾನೂ ಹಂಗಾ ಅಂದ್ಕಂಡು ಸುಣ್ಣ ಬಳದೆ. ಮತ್ತ ಅಲ್ಲೇ ಬಂತು. ನಿನ್ನ ಮನಿ ಗ್ವಾಡಿ ಮ್ಯಾಲ ಐತೇನು?"

ಇರಲಿಲ್ಲ. ಕಿಟಕಿಯ ಮೇಲೆ ದೂಳಿತ್ತು, ಜಂತಿಯ ಮೇಲಿತ್ತು. ಗೋಡೆಯ ಮೇಲೆ ಭುಜದ ಎತ್ತರಕ್ಕೆ ಎಲ್ಲೂ ಇರಲಿಲ್ಲ.

"ಕುಂದ್ರವಲ್ರು ನೋಡಕ್ಕ" ಎಂದಳು. "ಮಂದೀನೆಲ್ಲಾ ಕುಂದ್ರಿಸಿದೆ. ಕಟ್ಕಂಡ ಗಂಡನ್ನ ನಿಂದ್ರಿಸಿ ಬಂದೆ."

ಅವಳು ಉಣ್ಣುವುದು ಕಡಿಮೆಯಾಯಿತು. ಗಂಡ ನಿಂತಿರುವಾಗ ತಾನು ಹೇಗೆ ಕೂತು ಉಣ್ಣಲಿ ಎಂದು ನಿಂತೇ ಒಂದು ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮುಖ ಒಣಗಿತು.

ಹೀಗಿರುವಾಗ ಹುಲಿಗೇಶ ಬಂದ. ನಮ್ಮೂರವನೇ, ಹೊಸಪೇಟೆ ಬಸ್ ಸ್ಟ್ಯಾಂಡ್ ಹತ್ತಿರ ಇಂಟರ್ನೆಟ್ ಸೆಂಟರ್ ಇಟ್ಟಿದ್ದ. ಆರ್ಕುಟ್ ಎಂಬುದರಲ್ಲಿ ಹುಡುಗರು ಅಲ್ಲಿ ಕೂತು ಊರೂರಿನವರ ಗೆಳೆತನ ಮಾಡುತ್ತಿದ್ದರು. ಬಾಗಿಲಲ್ಲೇ ನಿಂತು ತಡವರಿಸಿದ.

"ಕಾಕೀ, ಕಾಕಾನ ಫೋಟೋ ಒಂದು ಕಂಪ್ಯೂಟರಿನಾಗ ಬಂದೈತಿ. ಲಾರಿ ಕ್ಲೀನರಗಳ ಮೊಬೈಲಿನ್ಯಾಗೂ ಹರದಾಡಾಕ ಹತ್ತೈತಿ. ಬ್ಯಾರೆ ಯಾರರ ಹೇಳೋಕಿಂತ ಮೊದ್ಲು ನಾನಾ ಹೇಳಬೇಕಂತ..."

ಅವನು ಹೊಟ್ಟೆಯ ಹತ್ತಿರ ಹಿಡಿದಿದ್ದ ಮೊಬೈಲನ್ನು ಅವಳೇ ತೆಗೆದುಕೊಂಡಳು. ನಾನೂ ಬಗ್ಗಿ ನೋಡಿದೆ. ಬೂದಿ ಬಣ್ಣದ ಮುಖ, ಅರ್ಧ ತೆರೆದ ಕಣ್ಣು. ಮೈಮೇಲೆ ಡಾಕ್ಟರರ ಬಿಳಿ ಕೋಟು. ಗೋಡೆಗೆ ಒರಗಿ, ಕಾಲು ಮಡಚಿ, ಜಡೆಪ್ಪ ಕುಳಿತಿದ್ದ.

ಸುವರ್ಣಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಮುಖ ಅರಳಿತು.

"ಕುಂದ್ರಿಸ್ಯಾರ! ತಿಪ್ಪಕ್ಕಾ, ನಮ್ಮನಿಯವ್ರನ್ನ ಕುಂದ್ರಿಸ್ಯಾರ! ಮ್ಯಾಲ ಬಿಳೆ ಅರಿವಿ ಹೊದಿಸ್ಯಾರ ನೋಡು. ಡಾಕ್ಟರಮ್ಮ ಹೇಳ್ಯಾಳ, ಆಕಿ ನಮ್ಮಾಕಿ."

ಹುಲಿಗೇಶ ನನ್ನ ಮುಖ ನೋಡಿದ. ಫೋಟೋದ ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಅದನ್ನು ಓದಿ ಹೇಳಲು ಬಂದವನು ಮೊಬೈಲು ಇಸಿದುಕೊಂಡು ಹೋದ. ಮರುದಿನ ಆ ಅಕ್ಷರಗಳನ್ನು ಕತ್ತರಿಸಿ, ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ ತಂದುಕೊಟ್ಟ. ಅವಳು ಅದನ್ನು ಕಲೆಯಿದ್ದ ಗೋಡೆಗೇ ನೇತುಹಾಕಿ, ಗಾಜಿನ ಮೇಲೆ ಹಣೆಯಿರುವಲ್ಲಿ ವಿಭೂತಿ ಎಳೆದಳು.

ಓಣಿಯ ಹೆಂಗಸರು ಆ ಮನೆಗೆ ಬರುವುದನ್ನು ಬಿಟ್ಟರು. ಮಜ್ಜಿಗೆ ಕೇಳಲು ಬಂದ ಉಚ್ಚೆಂಗಮ್ಮ ಗೋಡೆ ನೋಡಿ ಚೆಂಬು ಬಿಟ್ಟು ಓಡಿದಳು. ಆದರೆ ಸುವರ್ಣಮ್ಮ ಕೂತು ಉಣ್ಣತೊಡಗಿದಳು. ಸಂಜೆಯ ಮಾತು ನಿಂತಿತು. ನಾನು ಆಗಾಗ ಹೋಗಿ ಫೋಟೋ ಸರಿಸಿ ಗೋಡೆ ನೋಡುತ್ತಿದ್ದೆ. ಕಲೆ ಹೋಗಿ ಸುಣ್ಣ ಬಿಳಿಯಾಗಿತ್ತು.

ಅತ್ತ ಆ ಕಾಲೇಜಿನಲ್ಲಿ ಫೋಟೋದಿಂದ ಗದ್ದಲವೆದ್ದಿತ್ತು. ಮುಂಗಾರು ಬೀಳುವ ಮೊದಲು ಗಂಗಾಂಬಿಕಾ ಡಾಕ್ಟರು ಒಬ್ಬ ವಿದ್ಯಾರ್ಥಿಯನ್ನು ಕರೆದುಕೊಂಡು ಕಾರಿನಲ್ಲಿ ಬಂದರು. ಹೆಸರು ಸಿದ್ದಲಿಂಗೇಶ. ತಲೆ ಬಗ್ಗಿಸಿಕೊಂಡೇ ಒಳಗೆ ಬಂದ.

"ಕುಂದ್ರಿ ಮೊದ್ಲ" ಎಂದಳು ಸುವರ್ಣಮ್ಮ.

ಕೂತು ತಲೆಯೆತ್ತಿದರೆ ಎದುರಿನ ಗೋಡೆಯಲ್ಲಿ ಅವನು ತೆಗೆದ ಫೋಟೋ. ಹುಡುಗ ಮತ್ತೆ ತಲೆ ಬಗ್ಗಿಸಿದ. ಡಾಕ್ಟರಮ್ಮ ನೀರಿನ ಲೋಟ ಕೆಳಗಿಟ್ಟರು. ಅವರು ಬಂದದ್ದು ಕ್ಷಮೆ ಕೇಳಿಸಲು. ಸುವರ್ಣಮ್ಮನಿಗೆ ಅದು ತಿಳಿಯದು. "ನಿಮ್ಮ ಹುಡುಗನಾ ಇವ? ನಮ್ಮನಿಯವ್ರನ್ನ ಕುಂದ್ರಿಸಿದ ಹುಡುಗರೊಳಗ ಇವನೂ ಇದ್ದನೇನು?"

"ಇದ್ದ" ಎಂದರು ಡಾಕ್ಟರಮ್ಮ.

ಅವಳು ಎದ್ದು ಹೋಗಿ ಹುಡುಗನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ನಿನ್ನ ಹಡದಾಕಿ ಹೊಟ್ಟಿ ತಣ್ಣಗಿರಲಪ್ಪ. ನಾ ಮಾಡದಿದ್ದದ್ದು ನೀ ಮಾಡಿದಿ."

ಡಾಕ್ಟರಮ್ಮ ನನ್ನನ್ನು ಅಂಗಳಕ್ಕೆ ಕರೆದರು. "ಯಾವಾಗಿಂದ ಹಿಂಗ ನಂಬ್ಯಾರ?" ಎಂದು ಕೇಳಿದರು. ಎಲ್ಲ ಹೇಳಿದೆ, ಗೋಡೆಯ ಕಲೆಯನ್ನೂ ಹೇಳಿದೆ. ಅವರು ಹಣೆ ಹಿಡಿದುಕೊಂಡರು.

"ಸುಳ್ಳು ಹೇಳಬ್ಯಾಡ್ರಿ ಅಂತ ನಾನಾ ಪಾಠ ಮಾಡ್ತೀನಿ. ರೋಗಿಗೆ ನೋವು ಕೊಡಬ್ಯಾಡ್ರಿ ಅಂತಾನೂ ನಾನಾ ಹೇಳ್ತೀನಿ. ಈಗ ಯಾವುದು ಬಿಡ್ಲಿ ತಿಪ್ಪಕ್ಕ? ಮೊದ್ಲೆಲ್ಲಾ ಹುಡುಗ್ರ ತಪ್ಪು ನಾಕು ಗ್ವಾಡಿ ಒಳಗಿರ್ತಿತ್ತು. ಈಗ ಒಂದು ಗುಂಡಿ ಒತ್ತಿದ್ರ ಹಂಪಿಗೆ ಬಂದ ಪರದೇಶಿನೂ ನೋಡ್ತಾನ. ಅಳಿಸಿದ್ವಿ. ಅಳಿಸಿದ ಮ್ಯಾಲೂ ಯಾರ್ಯಾರದೋ ಫೋನಿನ್ಯಾಗ ಎದ್ದು ಕುಂದ್ರತಾರ."

ಬಿಟ್ಟುಬಿಡಿ, ಅವಳು ಉಣ್ಣುತ್ತಿದ್ದಾಳೆ ಎಂದು ನಾನು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಒಳಗಿನಿಂದ ಹುಡುಗನ ದನಿ ಕೇಳಿತು.

"ಅಮ್ಮಾ, ನಾವು ಆಟಕ್ಕ ಮಾಡಿದ್ವಿ."

ಒಳಗೆ ಹೋದೆವು. ಅವನು ನೆಲ ನೋಡುತ್ತ ಹೇಳುತ್ತಿದ್ದ. ಅವನೂ ನಮ್ಮವನೇ, ಅವನ ಮನೆಯಲ್ಲೂ ಕೂಡಿಸಿಯೇ ಮಣ್ಣು ಮಾಡುವುದು. ನಿಮ್ಮವರು ಹೇಗೆ ಕೂಡಿಸುತ್ತಾರೆ ಎಂದು ಗೆಳೆಯರು ಕೇಳಿದರಂತೆ. ತೋರಿಸುತ್ತೇನೆ ಎಂದು ಇವನೇ ಮುಂದಾದನಂತೆ. ಆಮೇಲೆ ಯಾರೋ ಕೋಟು ತಂದರು, ಯಾರೋ ನಕ್ಕರು, ಇವನು ಫೋಟೋ ತೆಗೆದ.

"ಕೆಳಗ ಏನೋ ಬರದಿತ್ತಲ್ಲ. ಹುಲಿಗೇಶ ಕತ್ತರಿಸಿ ತಂದ. ಏನದು?" ಎಂದಳು ಸುವರ್ಣಮ್ಮ. ಅವಳು ಅದನ್ನು ನೋಡಿದ್ದಳು!

"ಒಂದು ದಿನಾನೂ... ಗೈರುಹಾಜರಿ ಆಗದ ಹುಡುಗ, ಅಂತ ಬರದಿದ್ದೆ."

ಸುವರ್ಣಮ್ಮ ಫೋಟೋದ ಕಡೆ ತಿರುಗಿದಳು.

"ಕಾಲು ಹೆಂಗ ಮಡಚಿದಿ? ಮೈ ಸೆಟದಿರ್ತೈತೆಲ್ಲ."

"ಒತ್ತಿ ಹಿಡದ್ವಿ. ಸಪ್ಪಳ ಬಂತು."

"ನೋವಾತೇನಪ್ಪ ಅವರಿಗೆ?"

ಹುಡುಗ ಬಿಕ್ಕಿ ಅತ್ತುಬಿಟ್ಟ. ಡಾಕ್ಟರಮ್ಮ "ಇಲ್ಲಮ್ಮ, ಅವರಿಗೆ ನೋವಾಗಂಗಿಲ್ಲ" ಎಂದರು. ಸುವರ್ಣಮ್ಮ ಅವರ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಆಮ್ಯಾಲ ಮತ್ತ ಮಲಗಿಸಿದ್ರಿ?"

"ಹೂಂರಿ."

ಅವಳು ಬೈಯಲಿಲ್ಲ. ಎದ್ದು ಫೋಟೋ ಇಳಿಸಿ, ಗಾಜಿನ ಮೇಲಿನ ವಿಭೂತಿಯನ್ನು ಸೆರಗಿನಿಂದ ಒರೆಸಿ, ಹುಡುಗನ ಮಡಿಲಲ್ಲಿಟ್ಟಳು. "ನಿಂದು ನೀ ಒಯ್ಯಿ" ಎಂದಳು. ಅದನ್ನು ಎದೆಗೆ ಹಿಡಿದುಕೊಳ್ಳಲೂ ಆಗದೆ ಬಿಡಲೂ ಆಗದೆ ಅವನು ಕಾರಿನವರೆಗೆ ನಡೆದ.

ಮರುದಿನ ಬೆಳಿಗ್ಗೆ ಅವಳೇ ನನ್ನನ್ನು ಕೂಗಿದಳು. ಕಲೆ ಬಂದಿತ್ತು. ಈ ಸಲ ಗೋಡೆಯ ಮೇಲೆ ಇನ್ನೂ ಒಂದಿತ್ತು, ಸೊಂಟದ ಕೆಳಗೆ. ನಿಂತು ನಿಂತು ಸೋತವರು ಬೆನ್ನ ಹಿಂದೆ ಅಂಗೈ ಊರಿದಂತೆ.

"ಕಾಲು ನೋಯಾಕ ಹತ್ಯಾವ ಅವರಿಗೆ" ಎಂದಳು. ಆ ದಿನ ಅವಳು ನೀರನ್ನೂ ಕುಡಿಯಲಿಲ್ಲ. ಹೀಗೇ ಬಿಟ್ಟರೆ ಇವಳೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಯಿತು. ಅದು ಅವಳಿಗೂ ಗೊತ್ತಿತ್ತು. "ನಡಿ ತಿಪ್ಪಕ್ಕ, ಹೋಗಾಣ. ಒಮ್ಮೆ ನೆಟ್ಟಗ ಕುಂದ್ರಿಸಿ ಬರ್ತೀನಿ."

ಮರುದಿನ ನಸುಕಿನಲ್ಲೇ ಬಸ್ಸು ಹಿಡಿದು ಹೋದೆವು. ಗಂಗಾಂಬಿಕಾ ಡಾಕ್ಟರು ನಮ್ಮನ್ನು ಕೂಡಿಸಿ, ಅವಳ ಮಾತನ್ನೆಲ್ಲ ಕೇಳಿ, ತಲೆಯಾಡಿಸಿದರು.

"ಆಗಂಗಿಲ್ಲಮ್ಮ. ಪಾಠ ಶುರುವಾಗೇತಿ. ಅವರ ಎದಿ ತಗದೀವಿ. ಇನ್ನ ಎಬ್ಬಿಸಬಾರದು. ಎಬ್ಬಿಸಿದ್ರ ಅದೂ ಆ ಹುಡುಗ್ರು ಮಾಡಿದಂಗಾ ಆಗತೈತಿ."

ಸುವರ್ಣಮ್ಮ ಸೆರಗಿನ ಗಂಟು ಮುಟ್ಟಿಕೊಂಡಳು. ಆಮೇಲೆ, "ಹಂಗಾರ ಅವರ ಬದ್ಲು ನಾ ಕುಂದ್ರತೀನಿ" ಎಂದಳು. "ಗಂಡ ಹೆಂಡ್ತಿ ಅಂದ್ರ ಒಂದಾ ಮೈ ಅಂತ ಸ್ವಾಮಿಗಳು ಅಕ್ಷತಿ ಹಾಕಿ ಹೇಳ್ಯಾರ. ಸುಳ್ಳೇನು ಅದು?"

ಹೊರಗಿನವರನ್ನು ಆ ಕೋಣೆಗೆ ಬಿಡುವಂತಿಲ್ಲ. ಡಾಕ್ಟರಮ್ಮ ಕಿಟಕಿಯ ಕಡೆ ನೋಡಿದರು. ಅಂದು ಹೊಸ ಹುಡುಗರಿಗೆ ಅವರದೇ ಪಾಠವಿತ್ತು, ಫೋಟೋ ತೆಗೆಯಬಾರದು, ಸತ್ತವರ ಮಾನ ಕಾಯಬೇಕು ಎಂಬ ಪಾಠ. "ಮೇಜಿನ ಕೆಳಗ ಫೋನ್ ಒತ್ತಿಕೋತ ಹೂಂ ಅಂತಾರ" ಎಂದು ಗೊಣಗಿದರು. ಮೇಲಿನವರ ಹತ್ತಿರ ಹೋಗಿ, ಜಗಳವಾಡಿಯೋ ಬೇಡಿಯೋ ಒಪ್ಪಿಸಿ ಬಂದರು.

ಉದ್ದನೆಯ ಕೋಣೆ. ಕಣ್ಣು ಉರಿಯುವ ವಾಸನೆ. ಬಿಳಿ ಬಟ್ಟೆ ಹೊದ್ದ ಮೇಜುಗಳು. ಹೊರಗೆ ಬಿಸಿಲಿದ್ದರೂ ಒಳಗೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಒಂದು ಮೇಜಿನ ಹತ್ತಿರ ಡಾಕ್ಟರಮ್ಮ ಬಟ್ಟೆಯ ತುದಿಯನ್ನು ಪಾದ ಕಾಣುವಷ್ಟೇ ಸರಿಸಿದರು. ಮೇಜಿನ ಅಂಚಿನವರೆಗೂ ಚಾಚಿದ ಆ ಉದ್ದನೆಯ ಪಾದಗಳನ್ನು ನಾನೂ ಗುರುತಿಸಿದೆ. ಸುವರ್ಣಮ್ಮ ಅವಕ್ಕೆ ವಿಭೂತಿ ಹಚ್ಚಿದಳು. ಪಕ್ಕದ ನೆಲದ ಮೇಲೆ ಗೋಡೆಗೆ ಒರಗಿ ಕಾಲು ಮಡಚಿ ಕುಳಿತಳು. ಹಣೆಗೆ, ತೋಳಿಗೆ ಬೂದಿ ಬಳಿದುಕೊಂಡಳು. ಸೆರಗಿನ ಗಂಟು ಬಿಚ್ಚಿ, ಗಂಡನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣನ್ನು ಅರ್ಧ ಮುಚ್ಚಿದಳು.

ಮಣ್ಣು ಹಾಕುವುದೊಂದು ಬಾಕಿ. ಬಾಗಿಲ ಹತ್ತಿರ ನಿಂತಿದ್ದ ನನಗೆ ಅವಳ ಎದೆ ಏಳುತ್ತಿದೆಯೋ ಇಲ್ಲವೋ ಕಾಣಲಿಲ್ಲ. ಹೆಸರು ಹಿಡಿದು ಕೂಗಬೇಕೆನಿಸಿತು. ಕೂಗಲಿಲ್ಲ.

ಹುಡುಗರು ನಗುತ್ತ ಬಂದರು. ಮುಂದಿದ್ದ ಹುಡುಗಿಯೊಬ್ಬಳು ಅವಳನ್ನು ನೋಡಿ "ಅಯ್ಯೋ, ಇದು ಬಾಡೀನೇನೇ?" ಎಂದು ಗೆಳತಿಯ ತೋಳು ಹಿಡಿದಳು. ಹಿಂದಿನವರು ಮುಂದಿನವರಿಗೆ ಡಿಕ್ಕಿ ಹೊಡೆದು ನಿಂತರು. ನಗು ಎಲ್ಲಿ ಹೋಯಿತೋ. ಡಾಕ್ಟರಮ್ಮ ಪಾಠವನ್ನೇನೂ ಹೇಳಲಿಲ್ಲ. "ಇವರು ಅವರ ಹೆಂಡತಿ" ಎಂದರು, ಮೇಜಿನ ಕಡೆ ಕೈ ತೋರಿ, ಅಷ್ಟೇ.

ಸುವರ್ಣಮ್ಮ ಕಣ್ಣು ತೆರೆದಳು. "ಯಾಕ ನಿಂತೀರಿ? ಕುಂದ್ರಿ."

ಅಷ್ಟೂ ಹುಡುಗರು ಆ ನೆಲದ ಮೇಲೆ ಕೂತರು. ಡಾಕ್ಟರಮ್ಮನೂ ಸೀರೆ ಒತ್ತಿಕೊಂಡು ಕೂತರು. ಸಿದ್ದಲಿಂಗೇಶ ಬಾಗಿಲಾಚೆ ಕಂಬಕ್ಕೆ ಒರಗಿ ನಿಂತಿದ್ದ. ಅವನಿಗೆ ಒಳಗೆ ಬರುವ ಅಪ್ಪಣೆ ಇರಲಿಲ್ಲವೋ, ಧೈರ್ಯವಿರಲಿಲ್ಲವೋ. ಅವಳು ಅವನನ್ನು ನೋಡಿದಳು.

"ನೀನೂ ಕುಂದ್ರಪ್ಪ."

ಅವನು ನಿಂತಲ್ಲೇ ಕುಸಿದು ಕೂತ. ಯಾರದೋ ಜೇಬಿನಲ್ಲಿ ಫೋನು ನಡುಗತೊಡಗಿತು. ನಡುಗುತ್ತಲೇ ಇತ್ತು. ಅದರ ಕಡೆ ಯಾರ ಕೈಯೂ ಹೋಗಲಿಲ್ಲ. ಅದು ನಿಂತ ಮೇಲೆ ಕೋಣೆಯಲ್ಲಿ ಯಾರೋ ಒಮ್ಮೆ ಕೆಮ್ಮಿದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ. ವರ್ಷಗಟ್ಟಲೆ ಗೋಡೆಯ ಆಚೆಯಿಂದ ಕೇಳಿದ ಕೆಮ್ಮು ಅದು.

ಪಾಠದ ಗಂಟೆ ಹೊಡೆಯುವವರೆಗೆ ಕೂತಿದ್ದು, ಅವಳು ಲಿಂಗವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಎದ್ದಳು. ಮೇಜಿನ ಮೇಲಿನವರನ್ನು ತಿರುಗಿ ನೋಡಲಿಲ್ಲ. "ಅದು ಹುಡುಗ್ರದು. ಕಲೀಲಿ. ಅವರಾ ಕೊಟ್ಟಾರಲ್ಲ" ಎಂದಳು.

ಮಧ್ಯಾಹ್ನದ ಬಸ್ಸು ಗಣಿಗೆ ಹೋಗುವ ಜನರಿಂದ ತುಂಬತೊಡಗಿತ್ತು. ಹತ್ತುವಾಗಲೇ ಸುವರ್ಣಮ್ಮ ಇಬ್ಬರು ಕೂಡುವ ಸೀಟು ಹಿಡಿದು, ಕಿಟಕಿಯ ಜಾಗ ಬಿಟ್ಟು ಈಚೆ ಕುಳಿತಳು. ನಾನು ಪಕ್ಕಕ್ಕೆ ಹೋಗಲು ನೋಡಿದೆ. "ನೀ ಹಿಂದ ಕುಂದ್ರು ತಿಪ್ಪಕ್ಕ" ಎಂದಳು. ಹಿಂದಿನ ಸೀಟಿನಲ್ಲಿ ಕೂತೆ. ಮುಂದಿನ ಊರಿನಲ್ಲಿ, ತಲೆಗೆ ಟವೆಲು ಸುತ್ತಿದ ಒಬ್ಬ ಗಟ್ಟಿ ಆಳು ಹತ್ತಿದ. ಬಾಯಲ್ಲಿ ಎಲೆ ಅಡಿಕೆ.

"ಸರಿಯಬೇ ಯವ್ವಾ, ಖಾಲಿ ಐತೆಲ್ಲ ಆ ಕಡಿ."

"ಇಲ್ಲಪ್ಪ. ಮಂದಿ ಅದಾರ."

ಅವನು ನಗಲು ಬಾಯಿ ತೆರೆದ. ಬಗ್ಗಿ ಕಿಟಕಿಯ ಕಡೆ ನೋಡಿದ. ನಗು ಬರಲಿಲ್ಲ. ಯಾರದೋ ಕಾಲು ತುಳಿದವನಂತೆ ಹಿಂದೆ ಸರಿದು, ಟವೆಲನ್ನು ತಲೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡು, ಹೊಸಪೇಟೆ ಬರುವವರೆಗೆ ನಿಂತೇ ಇದ್ದ.